ಸರಕು ಅರಿತು ಗ್ರ್ಯಾಬ್ ಆರಿಸಿ: ಕ್ರೇನಿನ ಉಕ್ಕಿನ ಹಿಡಿತದ ಹಿಂದಿನ ಲೆಕ್ಕಾಚಾರ

ಬೆಂಗಳೂರು: ನಗರದ ಪಶ್ಚಿಮ ಅಂಚಿನಲ್ಲಿ, ಮಾಗಡಿ ರಸ್ತೆಯ ಆಸುಪಾಸಿನಲ್ಲಿರುವ ಹೇರೋಹಳ್ಳಿ, ಸುಂಕದಕಟ್ಟೆ, ಅಂದ್ರಹಳ್ಳಿ ಬಡಾವಣೆಗಳಲ್ಲಿ ವಾಸದ ಮನೆಗಳ ನಡುವೆಯೇ ಲೇತ್, ವೆಲ್ಡಿಂಗ್ ಹಾಗೂ ಫ್ಯಾಬ್ರಿಕೇಷನ್ ಶೆಡ್‌ಗಳು ಕೆಲಸ ಮಾಡುತ್ತವೆ. ಈ ಶೆಡ್‌ಗಳಿಂದ ಹೊರಬೀಳುವ ಲೋಹದ ಸುರುಳಿ ಚೂರುಗಳು ಗುಜರಿ ಅಂಗಳವನ್ನು ಸೇರಿ, ಅಲ್ಲಿಂದ ಕರಗಿಸುವ ಕುಲುಮೆಗೆ ಹೋಗುತ್ತವೆ. ಇದೇ ಹೇರೋಹಳ್ಳಿಯಲ್ಲಿ ಕೆರೆಯೊಂದಿದ್ದು, ನಗರದ ಇತರ ಕೆರೆಗಳಂತೆ ಅದಕ್ಕೂ ಹೂಳಿನ ಚಿಂತೆ ತಪ್ಪಿದ್ದಲ್ಲ. ಇಲ್ಲಿಂದ ಸುಮಾರು 350 ಕಿ.ಮೀ. ದೂರದ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಹಡಗುಗಳಿಂದ ಕಲ್ಲಿದ್ದಲು, ರಸಗೊಬ್ಬರ ಮತ್ತು ಅದಿರು ಇಳಿಯುತ್ತವೆ.

ಗುಜರಿ, ಹೂಳು, ಕಲ್ಲಿದ್ದಲು ಈ ಮೂರಕ್ಕೂ ಒಂದು ಸಾಮ್ಯವಿದೆ. ಇವನ್ನು ಚೀಲಕ್ಕೆ ತುಂಬಿ ಕೊಕ್ಕೆಗೆ ನೇತುಹಾಕಲಾಗದು. ರಾಶಿಯಿಂದಲೇ ಬಾಚಿ ಎತ್ತಬೇಕು. ಆ ಕೆಲಸಕ್ಕೆ ಕ್ರೇನಿನ ತುದಿಯಲ್ಲಿ ನೇತಾಡುವ, ಬಾಯಿ ತೆರೆದು ಮುಚ್ಚುವ ಉಕ್ಕಿನ ಸಾಧನವೇ ಗ್ರ್ಯಾಬ್. ನೋಟಕ್ಕೆ ಸರಳವೆನಿಸುವ ಈ ಸಾಧನದ ಆಯ್ಕೆಯಲ್ಲಿ ತಪ್ಪಿದರೆ ಹಡಗು ದಿನಗಟ್ಟಲೆ ಕಾಯಬೇಕಾಗುತ್ತದೆ, ಸರಕು ಸೋರಿ ಧೂಳೇಳುತ್ತದೆ, ಕ್ರೇನಿನ ಮೇಲೆ ಮಿತಿಮೀರಿದ ಭಾರ ಬಿದ್ದು ಕೆಳಗಿರುವ ಕಾರ್ಮಿಕರ ಜೀವಕ್ಕೇ ಸಂಚಕಾರ ಬರುತ್ತದೆ. ಆದರೂ ಖರೀದಿಯ ಸಂದರ್ಭದಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಸಾಮಾನ್ಯವಾಗಿ ‘ಎಷ್ಟು ದೊಡ್ಡದು ಸಿಗುತ್ತದೆ’ ಎಂಬುದೇ. ಕೇಳಬೇಕಾದ ಮೊದಲ ಪ್ರಶ್ನೆ ‘ಎತ್ತಬೇಕಾದ ಸರಕು ಯಾವುದು’ ಎಂಬುದಾಗಿದೆ.

ಹಳೆಯ ಉಪಾಯ, ಹಲವು ರೂಪ

ಎರಡು ಚಿಪ್ಪುಗಳು ಬಾಯಿ ಮುಚ್ಚಿ ಸರಕನ್ನು ಹಿಡಿಯುವ ಗ್ರ್ಯಾಬ್ ಕೈಗಾರಿಕಾ ಬಳಕೆಗೆ ಬಂದದ್ದು 19ನೇ ಶತಮಾನದಲ್ಲಿ. ಇಂಗ್ಲೆಂಡಿನ ಹಲ್ ನಗರದ ಪ್ರೀಸ್ಟ್‌ಮನ್ ಸಂಸ್ಥೆ 1870ರ ದಶಕದಲ್ಲಿ ಇಂತಹ ಸಾಧನಗಳನ್ನು ತಯಾರಿಸಿ, ಬಂದರಿನ ಹೂಳೆತ್ತುವ ಕೆಲಸಕ್ಕೆ ಒದಗಿಸಿ ಹೆಸರಾಯಿತು. ಅಂದಿನಿಂದ ಇಂದಿನವರೆಗೆ ಮೂಲ ತತ್ವ ಬದಲಾಗಿಲ್ಲ. ಬಾಯಿಯ ಆಕಾರ ಮತ್ತು ಅದನ್ನು ಮುಚ್ಚುವ ಶಕ್ತಿಯ ಮೂಲ ಇವೆರಡರಲ್ಲಿ ಮಾತ್ರ ಹಲವು ಬಗೆಗಳು ಹುಟ್ಟಿಕೊಂಡಿವೆ.

ಆಕಾರದ ದೃಷ್ಟಿಯಿಂದ ಮುಖ್ಯವಾದವು ಎರಡು. ಕಪ್ಪೆಚಿಪ್ಪಿನಂತೆ ಎರಡು ಹೋಳುಗಳಿರುವ ಕ್ಲಾಮ್‌ಶೆಲ್ ಗ್ರ್ಯಾಬ್ ಪುಡಿ, ಹರಳು ಹಾಗೂ ಸಣ್ಣ ಉಂಡೆಗಳ ರೂಪದ ಸರಕಿಗೆ ಸೂಕ್ತ. ಕಲ್ಲಿದ್ದಲು, ಅದಿರು, ಗೊಬ್ಬರ, ಧಾನ್ಯ, ಮರಳು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಸುಲಿದ ಕಿತ್ತಳೆ ಸಿಪ್ಪೆಯ ಎಸಳುಗಳಂತೆ ನಾಲ್ಕರಿಂದ ಆರು ಮೊನಚಾದ ಬೆರಳುಗಳಿರುವ ಆರೆಂಜ್ ಪೀಲ್ ಗ್ರ್ಯಾಬ್ ಗುಜರಿ, ದಪ್ಪ ಬಂಡೆ, ನಗರದ ಕಸ ಮುಂತಾದ ಆಕಾರವಿಲ್ಲದ ಸರಕಿಗೆ ಹೇಳಿ ಮಾಡಿಸಿದ್ದು. ಒಂದಕ್ಕೊಂದು ಹೆಣೆದುಕೊಂಡ ಲೋಹದ ರಾಶಿಯೊಳಗೆ ಕ್ಲಾಮ್‌ಶೆಲ್‌ನ ನೇರ ಅಂಚು ಇಳಿಯುವುದಿಲ್ಲ; ಒಂದು ತುಂಡು ಅಡ್ಡ ಸಿಕ್ಕಿದರೂ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಎಸಳುಗಳಾದರೋ ಸಂದಿಗಳಲ್ಲಿ ತೂರಿ ಹಿಡಿಯುತ್ತವೆ. ಹೈಡ್ರಾಲಿಕ್ ಮಾದರಿಗಳಲ್ಲಿ ಪ್ರತಿ ಎಸಳಿಗೂ ಪ್ರತ್ಯೇಕ ಸಿಲಿಂಡರ್ ಇರುವುದರಿಂದ, ಒಂದು ಎಸಳು ತಡೆದು ನಿಂತರೂ ಉಳಿದವು ತಮ್ಮ ಹಿಡಿತವನ್ನು ಪೂರ್ಣಗೊಳಿಸುತ್ತವೆ.

ಮುಚ್ಚುವ ಶಕ್ತಿ ಎಲ್ಲಿಂದ?

ದೊಡ್ಡ ಬಂದರುಗಳಲ್ಲಿ ಹೆಚ್ಚಾಗಿ ಕಾಣುವುದು ನಾಲ್ಕು ಹಗ್ಗದ ಗ್ರ್ಯಾಬ್. ಇದರಲ್ಲಿ ಎರಡು ಉಕ್ಕಿನ ಹಗ್ಗಗಳು ಗ್ರ್ಯಾಬನ್ನು ಹಿಡಿದಿರುತ್ತವೆ, ಇನ್ನೆರಡು ಬಾಯಿಯನ್ನು ಮುಚ್ಚುತ್ತವೆ. ರಚನೆ ಸರಳ, ಕೆಲಸ ವೇಗ. ಆದರೆ ಹಿಡಿಯುವ ಮತ್ತು ಮುಚ್ಚುವ ಹಗ್ಗಗಳನ್ನು ಬೇರೆ ಬೇರೆಯಾಗಿ ಸುತ್ತಬಲ್ಲ ಕ್ರೇನಿಗೆ ಮಾತ್ರ ಇದು ಹೊಂದುತ್ತದೆ. ಮುಚ್ಚುವ ಹಗ್ಗವನ್ನು ಗ್ರ್ಯಾಬಿನೊಳಗಿನ ರಾಟೆಗಳ ಮೇಲೆ ಹೆಚ್ಚು ಸುತ್ತು ಹಾಯಿಸಿದಷ್ಟೂ ಹಿಡಿತದ ಬಲ ಹೆಚ್ಚುತ್ತದೆ, ಮುಚ್ಚುವ ವೇಗ ಕುಗ್ಗುತ್ತದೆ. ಆದ್ದರಿಂದ ಗಟ್ಟಿಯಾದ ಅದಿರಿಗೆ ಹೆಚ್ಚು ಸುತ್ತು, ಸಡಿಲವಾದ ಧಾನ್ಯಕ್ಕೆ ಕಡಿಮೆ ಸುತ್ತು ಎಂಬುದು ವಾಡಿಕೆಯ ನಿಯಮ.

ಇದೇ ವರ್ಗದ ಇನ್ನೊಂದು ರೂಪ ಕತ್ತರಿ ಗ್ರ್ಯಾಬ್. ಕತ್ತರಿಯಂತೆ ಅಗಲವಾಗಿ ತೆರೆದುಕೊಳ್ಳುವ ಇದು ಹಡಗಿನ ಒಡಲಿನ ತಳದಲ್ಲಿ ತೆಳುವಾಗಿ ಉಳಿದ ಸರಕನ್ನೂ ಬಾಚಿ ತರುತ್ತದೆ. ತಳ ಗುಡಿಸಲು ಇಳಿಯುವ ಕಾರ್ಮಿಕರ ಕೆಲಸ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಒಂದೇ ಕೊಕ್ಕೆಯಿರುವ ಸಾಮಾನ್ಯ ಕ್ರೇನಿಗೆ ಮೂರು ದಾರಿಗಳಿವೆ. ಮೊದಲನೆಯದು ಒಂಟಿ ಹಗ್ಗದ ಗ್ರ್ಯಾಬ್. ಬೆಲೆ ಕಡಿಮೆ, ಜೋಡಣೆ ಸುಲಭ, ಆದರೆ ಸರಕನ್ನು ಬಿಡಲು ನೆಲಕ್ಕೆ ತಾಗಿಸಬೇಕು ಅಥವಾ ಮೇಲಿನ ಉಂಗುರಕ್ಕೆ ಸಿಕ್ಕಿಸಬೇಕು. ಅಪರೂಪದ ಬಳಕೆಗೆ ಇದು ಸಾಕು. ಎರಡನೆಯದು ವಿದ್ಯುತ್ ಮೋಟಾರು ಮತ್ತು ಹೈಡ್ರಾಲಿಕ್ ಪಂಪನ್ನು ತನ್ನೊಳಗೇ ಹೊಂದಿರುವ ಗ್ರ್ಯಾಬ್. ಕಾರ್ಖಾನೆಯ ಛಾವಣಿಯಡಿ ಓಡಾಡುವ ಇಒಟಿ ಕ್ರೇನಿಗೆ ಇದು ಅನುಕೂಲ. ಆದರೆ ಗ್ರ್ಯಾಬಿನ ಜತೆಗೆ ವಿದ್ಯುತ್ ಕೇಬಲ್ ಕೂಡ ಏರಿಳಿಯಬೇಕು, ಮೋಟಾರಿನ ತೂಕವೂ ಕ್ರೇನಿನ ಮೇಲೆಯೇ ಬೀಳುತ್ತದೆ. ಮೂರನೆಯದು ರಿಮೋಟ್ ಸಂಕೇತಕ್ಕೆ ಬಾಯಿ ತೆರೆಯುವ ಗ್ರ್ಯಾಬ್. ಕೇಬಲಿನ ಹಂಗಿಲ್ಲದ ಕಾರಣ ಹಡಗಿನ ಮೇಲಿರುವ ಕ್ರೇನುಗಳಲ್ಲಿ ಇದರ ಬಳಕೆಯಿದೆ.

ಸಾಂದ್ರತೆಯೇ ಮೊದಲ ಅಳತೆ

ಒಂದು ಘನ ಮೀಟರ್ ಜಾಗದಲ್ಲಿ ಹಿಡಿಯುವ ಸರಕಿನ ತೂಕ ವಸ್ತುವಿನಿಂದ ವಸ್ತುವಿಗೆ ಬಹಳ ವ್ಯತ್ಯಾಸಗೊಳ್ಳುತ್ತದೆ. ಗೋಧಿ, ಯೂರಿಯಾ ಸುಮಾರು 0.75 ಟನ್, ಕಲ್ಲಿದ್ದಲು 0.8ರಿಂದ 0.95 ಟನ್, ಒಣ ಮರಳು ಸುಮಾರು 1.6 ಟನ್, ಕಬ್ಬಿಣದ ಅದಿರಿನ ಪುಡಿ ಸುಮಾರು 2.5 ಟನ್ ತೂಗುತ್ತವೆ. ಗುಜರಿಗೆ ನಿಶ್ಚಿತ ಅಂಕಿಯೇ ಇಲ್ಲ. ಲೇತಿನ ಉದ್ದ ಸುರುಳಿಗಳ ರಾಶಿ ಬಹುಪಾಲು ಗಾಳಿಯೇ ಆಗಿದ್ದರೆ, ಕತ್ತರಿಸಿದ ದಪ್ಪ ತಗಡಿನ ರಾಶಿ ಅದರ ಹಲವು ಪಟ್ಟು ಭಾರವಾಗಿರುತ್ತದೆ.

ಈ ವ್ಯತ್ಯಾಸದ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಗ್ರ್ಯಾಬ್ ಕೆಲಸದಲ್ಲಿ 25 ಟನ್ ಎತ್ತಬಲ್ಲ ಕ್ರೇನ್ ಇದೆ, ಗ್ರ್ಯಾಬಿನ ಸ್ವಂತ ತೂಕ 10 ಟನ್ ಎಂದಿಟ್ಟುಕೊಳ್ಳೋಣ. ಸರಕಿಗೆ ಉಳಿಯುವುದು 15 ಟನ್. ಘನ ಮೀಟರಿಗೆ 0.85 ಟನ್ ತೂಗುವ ಕಲ್ಲಿದ್ದಲಿಗಾದರೆ 17 ಘನ ಮೀಟರ್‌ಗೂ ಸ್ವಲ್ಪ ಹೆಚ್ಚಿನ ಬಾಯಿ ಬೇಕು. 2.5 ಟನ್ ತೂಗುವ ಅದಿರಿಗಾದರೆ 6 ಘನ ಮೀಟರ್ ಸಾಕು. ಕಲ್ಲಿದ್ದಲಿನ 17 ಘನ ಮೀಟರ್ ಗ್ರ್ಯಾಬನ್ನೇ ಅದಿರಿನ ರಾಶಿಗೆ ಇಳಿಸಿ ಪೂರ್ತಿ ತುಂಬಿಸಿದರೆ ಸರಕೇ 42.5 ಟನ್, ಗ್ರ್ಯಾಬ್ ಸೇರಿ 52.5 ಟನ್ ಆಗುತ್ತದೆ. ಅಂದರೆ ಕ್ರೇನಿನ ಮಿತಿಯ ಎರಡು ಪಟ್ಟಿಗೂ ಅಧಿಕ. ಅತಿಭಾರವನ್ನು ತಡೆಯುವ ಸಾಧನ ಕೆಟ್ಟಿದ್ದರೆ ಅಥವಾ ಅದನ್ನು ಉದ್ದೇಶಪೂರ್ವಕವಾಗಿ ನಿಷ್ಕ್ರಿಯಗೊಳಿಸಿದ್ದರೆ ಹಗ್ಗ ಹರಿಯುವುದೋ ಕ್ರೇನೇ ಮಗುಚುವುದೋ ಆಗಬಹುದು. ಇದಕ್ಕೆ ವಿರುದ್ಧವಾಗಿ ಅದಿರಿನ ಪುಟ್ಟ ಗ್ರ್ಯಾಬಿನಿಂದ ಕಲ್ಲಿದ್ದಲು ಎತ್ತಿದರೆ ಅಪಾಯವಿಲ್ಲ; ಆದರೆ ಪ್ರತಿ ಬಾರಿ ಬರುವುದು ಕೇವಲ 5 ಟನ್ ಮಾತ್ರ.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಕ್ರೇನಿನ ಮೇಲೆ ಬರೆದ ಕೊಕ್ಕೆಯ ಸಾಮರ್ಥ್ಯವೇ ಗ್ರ್ಯಾಬ್ ಕೆಲಸದ ಸಾಮರ್ಥ್ಯವಲ್ಲ. ಕೊಕ್ಕೆಗೆ ದಿನಕ್ಕೆ ಕೆಲವು ಬಾರಿ ಭಾರ ಬಿದ್ದರೆ, ಗ್ರ್ಯಾಬ್ ಗಂಟೆಗೆ ಹತ್ತಾರು ಬಾರಿ, ಪ್ರತಿ ಸಲವೂ ಬಹುತೇಕ ಪೂರ್ಣ ಭಾರದೊಂದಿಗೆ ಏರಿಳಿಯುತ್ತದೆ. ಆ ಸವೆತ ಮತ್ತು ಜಗ್ಗಾಟವನ್ನು ಗಣಿಸಿ ತಯಾರಕರು ಗ್ರ್ಯಾಬ್ ಕೆಲಸಕ್ಕೆ ಕಡಿಮೆ ಮಿತಿಯನ್ನು ಪ್ರತ್ಯೇಕವಾಗಿ ನಮೂದಿಸುತ್ತಾರೆ. ಲೆಕ್ಕ ಹಾಕಬೇಕಾದದ್ದು ಆ ಅಂಕಿಯಿಂದಲೇ.

ಎರಡು ಟನ್‌ಗೆ ಹತ್ತು ಗಂಟೆ

ಗ್ರ್ಯಾಬಿನ ಸ್ವಂತ ತೂಕವೂ ಹಣದ ಪ್ರಶ್ನೆಯೇ. ಮೇಲಿನ ಉದಾಹರಣೆಯಲ್ಲಿ 50 ಸಾವಿರ ಟನ್ ಕಲ್ಲಿದ್ದಲಿನ ಹಡಗನ್ನು ಬರಿದು ಮಾಡಲು, ಪ್ರತಿ ಬಾರಿ 15 ಟನ್‌ನಂತೆ, 3,333 ಬಾರಿ ಎತ್ತಬೇಕು. ಗಂಟೆಗೆ 40 ಬಾರಿ ಎಂದರೆ ಸುಮಾರು 83 ಗಂಟೆ. ಉತ್ತಮ ದರ್ಜೆಯ ಉಕ್ಕು ಬಳಸಿ ಗ್ರ್ಯಾಬಿನ ತೂಕವನ್ನು 10ರಿಂದ 8 ಟನ್‌ಗೆ ಇಳಿಸಿದರೆ ಪ್ರತಿ ಬಾರಿಯೂ 17 ಟನ್ ಬರುತ್ತದೆ. 2,941 ಬಾರಿಯಲ್ಲಿ, ಸುಮಾರು 73 ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ತಳಕ್ಕೆ ಬಂದಂತೆ ಗ್ರ್ಯಾಬ್ ಅರ್ಧವೇ ತುಂಬುವುದರಿಂದ ನಿಜವಾದ ಅವಧಿ ಇದಕ್ಕಿಂತ ಹೆಚ್ಚೇ ಆಗುತ್ತದೆ, ಆದರೆ ಉಳಿತಾಯದ ಪ್ರಮಾಣ ಸ್ಪಷ್ಟ. ನಿಗದಿತ ಅವಧಿ ಮೀರಿ ನಿಂತ ಹಡಗಿಗೆ ದಿನದ ಲೆಕ್ಕದಲ್ಲಿ ಡೆಮರೇಜ್ ತೆರಬೇಕಾಗುತ್ತದೆ. ಆ ವೆಚ್ಚ ಅಂತಿಮವಾಗಿ ಸರಕಿನ ಬೆಲೆಗೇ ಸೇರುತ್ತದೆ.

ಹಾಗೆಂದು ತೂಕ ಇಳಿಸುವುದೊಂದೇ ಗುರಿಯಾಗಬಾರದು. ಹಗ್ಗದ ಗ್ರ್ಯಾಬ್ ರಾಶಿಯೊಳಗೆ ಇಳಿಯುವುದು ತನ್ನ ಭಾರದಿಂದಲೇ. ಗಟ್ಟಿಯಾಗಿ ಕೂತ ಅದಿರಿಗೆ ಹಗುರ ಗ್ರ್ಯಾಬ್ ಬಳಸಿದರೆ ಅದು ಮೇಲ್ಮೈಯನ್ನಷ್ಟೇ ಕೆರೆದು ಅರೆ ತುಂಬಿ ಮೇಲೇರುತ್ತದೆ.

ಪಣಂಬೂರಿನ ಪಾಠ

ಸರಕು ಬದಲಾದಂತೆ, ಅದು ಬರುವ ದಾರಿ ಬದಲಾದಂತೆ ಎತ್ತುವ ವ್ಯವಸ್ಥೆಯೂ ಬದಲಾಗಬೇಕು ಎಂಬುದಕ್ಕೆ ಪಣಂಬೂರು ಉತ್ತಮ ನಿದರ್ಶನ. 1974ರಲ್ಲಿ ಪ್ರಮುಖ ಬಂದರೆಂದು ಘೋಷಣೆಯಾದ ನವಮಂಗಳೂರು ಬಂದರನ್ನು 1975ರ ಜನವರಿಯಲ್ಲಿ ಅಂದಿನ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಅದರ ಬೆಳವಣಿಗೆಯಲ್ಲಿ ಕುದುರೆಮುಖದ ಕಬ್ಬಿಣದ ಅದಿರಿನ ಪಾತ್ರ ದೊಡ್ಡದು. ಘಟ್ಟದ ಮೇಲೆ ಶುದ್ಧೀಕರಿಸಿದ ಅದಿರಿನ ಪುಡಿಯನ್ನು ನೀರಿನೊಂದಿಗೆ ಬೆರೆಸಿ, ಸುಮಾರು 67 ಕಿ.ಮೀ. ಉದ್ದದ ಕೊಳವೆಯ ಮೂಲಕ ಕರಾವಳಿಗೆ ಹರಿಸಲಾಗುತ್ತಿತ್ತು. ಆ ಅದಿರು ಕೆಳಗಿಳಿಯಲು ಯಾವ ಗ್ರ್ಯಾಬಿನ ಅಗತ್ಯವೂ ಇರಲಿಲ್ಲ.

ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಅಂತ್ಯಕ್ಕೆ ಕುದುರೆಮುಖದಲ್ಲಿ ಗಣಿಗಾರಿಕೆ ನಿಂತಿತು. ಮಂಗಳೂರಿನ ಉಂಡೆ ಅದಿರಿನ ಕಾರ್ಖಾನೆಗೆ ಹೊರಗಿನಿಂದ ಅದಿರು ತರಿಸಬೇಕಾಯಿತು. ಛತ್ತೀಸಗಢದ ಗಣಿಗಳ ಅದಿರು ವಿಶಾಖಪಟ್ಟಣದಿಂದ ಹಡಗಿನಲ್ಲಿ ಬರತೊಡಗಿತು. ಕೊಳವೆಯಲ್ಲಿ ಹರಿದು ಬರುತ್ತಿದ್ದ ಸರಕನ್ನು ಹಡಗಿನ ಒಡಲಿನಿಂದ ಎತ್ತಿ ಇಳಿಸುವ ಕೆಲಸ ಹೀಗೆ ಸೇರಿಕೊಂಡಿತು. ಇದೇ ಬಂದರಿನ ಮೂಲಕ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿರುವ 1,200 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರಕ್ಕೆ ವಿದೇಶಿ ಕಲ್ಲಿದ್ದಲು ಬಂದು, ಅಲ್ಲಿಂದ ರೈಲಿನಲ್ಲಿ ಸಾಗುತ್ತದೆ. ಮೂರು ಪಟ್ಟು ಸಾಂದ್ರತೆಯ ಅಂತರವಿರುವ ಎರಡು ಸರಕುಗಳು ಒಂದೇ ಬಂದರಿನಲ್ಲಿ ಇಳಿಯುವಾಗ ಒಂದೇ ಗ್ರ್ಯಾಬ್ ಎರಡಕ್ಕೂ ಸಲ್ಲದು.

ತೇವಾಂಶವನ್ನು ಅಲಕ್ಷಿಸಿದರೆ ಏನಾಗಬಹುದೆಂಬುದಕ್ಕೂ ಇದೇ ಕಡಲು ಸಾಕ್ಷಿಯಾಗಿದೆ. 2009ರ ಜುಲೈನಲ್ಲಿ ಮಳೆಗಾಲದ ನಡುವೆ, ನವಮಂಗಳೂರಿನಿಂದ ಅದಿರಿನ ಪುಡಿ ತುಂಬಿಕೊಂಡು ಚೀನಾದತ್ತ ಹೊರಟ ‘ಏಷ್ಯನ್ ಫಾರೆಸ್ಟ್’ ಹಡಗು ಮಂಗಳೂರಿನ ಸಮೀಪವೇ ವಾಲಿ ಮುಳುಗಿತು. ಸಿಬ್ಬಂದಿಯನ್ನು ಕರಾವಳಿ ಕಾವಲು ಪಡೆ ರಕ್ಷಿಸಿತು. ನೀರು ಹೀರಿದ ಅದಿರಿನ ಪುಡಿ ಹಡಗಿನ ಅಲುಗಾಟಕ್ಕೆ ಸಿಕ್ಕಿ ದ್ರವದಂತೆ ಒಂದು ಪಕ್ಕಕ್ಕೆ ಸರಿಯುತ್ತದೆ. ಇಂತಹ ದುರಂತಗಳ ಮೂಲ ಅದೇ. ಘನ ರಾಶಿ ಸರಕುಗಳ ಸಾಗಣೆ ಕುರಿತ ಅಂತರರಾಷ್ಟ್ರೀಯ ಸಂಹಿತೆ 2011ರ ಜನವರಿಯಿಂದ ಕಡ್ಡಾಯವಾಗಿದ್ದು, ತೇವಾಂಶದ ಪರೀಕ್ಷೆ ಅದರ ಮುಖ್ಯ ಅಂಶಗಳಲ್ಲೊಂದು. ಗ್ರ್ಯಾಬ್ ಆಯ್ಕೆಗೂ ಈ ಪರೀಕ್ಷೆ ಉಪಯುಕ್ತ. ಒದ್ದೆ ಸರಕು ಒಣ ಸರಕಿಗಿಂತ ಭಾರ, ಜತೆಗೆ ಚಿಪ್ಪಿನ ಒಳಮೈಗೆ ಅಂಟಿಕೊಂಡು ಪೂರ್ತಿ ಸುರಿಯುವುದೂ ಇಲ್ಲ. ಬೇಸಿಗೆಯಲ್ಲಿ ಹಾಕಿದ ಲೆಕ್ಕವನ್ನು ಮಳೆಗಾಲಕ್ಕೆ ಹಾಗೆಯೇ ಒಪ್ಪಿಸಲಾಗದು.

ಧೂಳು ಮತ್ತು ಸೋರಿಕೆ

ಬಂದರಿನ ಅಕ್ಕಪಕ್ಕದ ನಿವಾಸಿಗಳಿಗೆ ಮುಖ್ಯವಾದದ್ದು ಗ್ರ್ಯಾಬಿನ ತುಟಿಗಳು, ಅಂದರೆ ಬಾಯಿ ಮುಚ್ಚಿದಾಗ ಒಂದಕ್ಕೊಂದು ಕೂಡುವ ಅಂಚುಗಳು. ಅವು ಸವೆದು ಸಂದು ಬಿಟ್ಟರೆ ಪ್ರತಿ ಬಾರಿಯೂ ಸರಕು ಸೋರುತ್ತದೆ. ಒಂದು ಬಾರಿಗೆ 20 ಕೆ.ಜಿ. ಸೋರಿದರೂ 3,333 ಬಾರಿಗೆ 66 ಟನ್‌ಗೂ ಅಧಿಕವಾಗುತ್ತದೆ. ಅದರಲ್ಲಿ ಒಂದಷ್ಟು ಕಡಲಿಗೆ, ಒಂದಷ್ಟು ಧಕ್ಕೆಗೆ, ಉಳಿದದ್ದು ಗಾಳಿಗೆ. ಧಾನ್ಯ, ಗೊಬ್ಬರ, ಗಂಧಕದಂತಹ ಸರಕುಗಳಿಗೆ ಮೇಲ್ಭಾಗವೂ ಮುಚ್ಚಿರುವ, ತುಟಿಗಳು ಬಿಗಿಯಾಗಿ ಕೂಡುವ ಗ್ರ್ಯಾಬನ್ನೇ ಆರಿಸಬೇಕೆಂಬುದು ಇದೇ ಕಾರಣಕ್ಕೆ. ಗಂಧಕದ ಧೂಳಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಅಪಾಯವೂ ಉಂಟು. ತುಟಿಗೆ ಹಲ್ಲುಗಳಿರಬೇಕೇ ಎಂಬುದೂ ಸರಕಿನ ಮೇಲೆಯೇ ನಿಂತಿದೆ. ಗಟ್ಟಿ ಮಣ್ಣು, ದಪ್ಪ ಕಲ್ಲಿಗೆ ಹಲ್ಲು ಬೇಕು. ನಯವಾದ ಪುಡಿಗೆ ಹಲ್ಲಿದ್ದರೆ ಸೋರಿಕೆಯೇ ಹೆಚ್ಚು.

ಗುಜರಿ ಅಂಗಳ ಮತ್ತು ಕೆರೆ

ಹೇರೋಹಳ್ಳಿಯಂತಹ ಕಡೆಯ ಗುಜರಿ ಅಂಗಳಕ್ಕೆ ಬಂದರಿನ ಗ್ರ್ಯಾಬ್ ಬೇಕಿಲ್ಲ. ಲೆಕ್ಕದ ಕ್ರಮ ಮಾತ್ರ ಅದೇ. ಉಕ್ಕು, ಎರಕದ ಕಬ್ಬಿಣವಷ್ಟೇ ಇದ್ದರೆ ವಿದ್ಯುತ್ ಆಯಸ್ಕಾಂತವೇ ಸುಲಭೋಪಾಯ. ಅದು ಅಲ್ಯೂಮಿನಿಯಂ, ಹಿತ್ತಾಳೆ ಹಾಗೂ ಸಾಮಾನ್ಯ ಬಳಕೆಯ ಸ್ಟೇನ್‌ಲೆಸ್ ಉಕ್ಕನ್ನು ಎತ್ತುವುದಿಲ್ಲ. ವಿದ್ಯುತ್ ಕಡಿತಗೊಂಡ ಕ್ಷಣವೇ ಹಿಡಿದ ಭಾರ ಕೆಳಗೆ ಬೀಳುವುದರಿಂದ ಬ್ಯಾಟರಿ ಬೆಂಬಲ ಅನಿವಾರ್ಯ. ಮಿಶ್ರ ಲೋಹಗಳಿದ್ದಲ್ಲಿ ಎಸಳು ಗ್ರ್ಯಾಬ್ ಸೂಕ್ತ. ಲೇತಿನ ಸಣ್ಣ ಚೂರುಗಳು ತೆರೆದ ಎಸಳುಗಳ ನಡುವಿನಿಂದ ಉದುರಿಹೋಗುವ ಕಾರಣ ಅಂತಹ ಕಡೆ ಅಗಲವಾದ, ಅರೆಮುಚ್ಚಿದ ಎಸಳುಗಳನ್ನು ಆರಿಸಬೇಕು.

ಕೆರೆಯ ಹೂಳಿನ ವಿಷಯ ಬೇರೆ. ನೀರು ಬತ್ತಿಸಿದ ಕೆರೆಗೆ ಸಾಮಾನ್ಯ ಅಗೆಯುವ ಯಂತ್ರವೇ ಸಾಕು. ಗ್ರ್ಯಾಬಿಗೆ ಹಣ ಸುರಿಯಬೇಕಿಲ್ಲ. ನೀರಿರುವಾಗಲೇ ದಡದಿಂದ ಅಥವಾ ತೇಲುವ ವೇದಿಕೆಯಿಂದ ಹೂಳೆತ್ತುವುದಾದರೆ ಕ್ಲಾಮ್‌ಶೆಲ್ ಬೇಕು. ನೀರು ಬಸಿದುಹೋಗಲು ಚಿಪ್ಪಿನಲ್ಲಿ ರಂಧ್ರಗಳಿರಬೇಕು, ಇಲ್ಲವಾದರೆ ಕ್ರೇನ್ ನೀರನ್ನೇ ಹೊತ್ತು ತರುತ್ತದೆ. ಆದರೆ ಕಲುಷಿತ ಕೆಸರನ್ನು ಎತ್ತುವಲ್ಲಿ ಅದೇ ರಂಧ್ರಗಳಿಂದ ಕೊಳೆ ಮತ್ತೆ ನೀರಿಗೆ ಬೆರೆಯುವುದರಿಂದ ಮುಚ್ಚಿದ ಚಿಪ್ಪೇ ಮೇಲು. ಅಂತರಗಂಗೆಯಂತಹ ಜಲಕಳೆ ತೆಗೆಯಲು ಚಿಪ್ಪಿಗಿಂತ ಕವಲುಗಳಿರುವ ಗ್ರ್ಯಾಬ್ ಹೊಂದುತ್ತದೆ.

ಗ್ರ್ಯಾಬೇ ಬೇಡವಾದ ಸಂದರ್ಭಗಳೂ ಇವೆ. ರೈಲಿನಲ್ಲಿ ಬರುವ ಕಲ್ಲಿದ್ದಲಿಗೆ ಇಡೀ ವ್ಯಾಗನನ್ನೇ ಮಗುಚುವ ಟಿಪ್ಲರ್ ಇದೆ. ಸಿಮೆಂಟಿನಂತಹ ನುಣ್ಣನೆಯ ಪುಡಿಯನ್ನು ಗಾಳಿಯ ಒತ್ತಡದಿಂದ ಕೊಳವೆಯಲ್ಲಿ ಸಾಗಿಸುವುದೇ ಲೇಸು.

ದುರಸ್ತಿಯಲ್ಲಿ ಅಡಗಿದ ಅಪಾಯ

ಗ್ರ್ಯಾಬಿನ ತುಟಿ ಸವೆದಾಗ ಅದಕ್ಕೆ ಗಟ್ಟಿ ಉಕ್ಕಿನ ಪಟ್ಟಿ ಬೆಸೆಯುವುದು ವಾಡಿಕೆ. ಸಣ್ಣ ಫ್ಯಾಬ್ರಿಕೇಷನ್ ಶೆಡ್‌ಗಳೂ ಈ ಕೆಲಸವನ್ನು ಮಾಡಬಲ್ಲವು. ಎಚ್ಚರ ವಹಿಸಬೇಕಾದದ್ದು ತೂಕದ ವಿಷಯದಲ್ಲಿ. ಪ್ರತಿ ದುರಸ್ತಿಯಲ್ಲೂ ಒಂದೆರಡು ಪಟ್ಟಿ, ಬಲವರ್ಧನೆಗೆ ಇನ್ನೊಂದು ತಗಡು ಎಂದು ಸೇರಿಸುತ್ತ ಹೋದರೆ ಎರಡು ಟನ್ನಿನ ಗ್ರ್ಯಾಬ್ ಕೆಲವೇ ವರ್ಷಗಳಲ್ಲಿ ಎರಡೂವರೆ ಟನ್ ಆದೀತು. ಐದು ಟನ್ ಮಿತಿಯ ಕ್ರೇನಿಗೆ ಸರಕಿನ ಪಾಲು ಮೂರರಿಂದ ಎರಡೂವರೆ ಟನ್‌ಗೆ ಇಳಿದಿದ್ದರೂ, ಫಲಕದ ಮೇಲೆ ಹಳೆಯ ಅಂಕಿಯೇ ಉಳಿದಿರುತ್ತದೆ. ಚಾಲಕ ಅದನ್ನೇ ನಂಬಿ ಭಾರ ಎತ್ತುತ್ತಾನೆ. ದೊಡ್ಡ ದುರಸ್ತಿಯ ನಂತರ ಗ್ರ್ಯಾಬನ್ನು ಮತ್ತೆ ತೂಗಿ, ಹೊಸ ತೂಕವನ್ನು ಅದರ ಮೇಲೆ ಬರೆಯಬೇಕು.

ಎತ್ತುವ ಯಂತ್ರಗಳ ಮೇಲೆ ಸುರಕ್ಷಿತ ಭಾರದ ಮಿತಿಯನ್ನು ಸ್ಪಷ್ಟವಾಗಿ ನಮೂದಿಸಬೇಕು, ಅದನ್ನು ಮೀರಬಾರದು, ಹನ್ನೆರಡು ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ಕೂಲಂಕಷ ಪರೀಕ್ಷೆ ಮಾಡಿಸಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆ ವಿಧಿಸಿತ್ತು. ಬಂದರು ಕಾರ್ಮಿಕರ ಸುರಕ್ಷತೆಗೆ 1986ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿತ್ತು. 2025ರ ನವೆಂಬರ್ 21ರಿಂದ ಜಾರಿಗೊಂಡ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಈ ಎರಡರ ಸ್ಥಾನವನ್ನೂ ಪಡೆದಿದೆ. ಕಾನೂನಿನ ಹೆಸರು ಬದಲಾದರೂ ಹಗ್ಗ, ರಾಟೆ, ತುಟಿ, ಗೂಟಗಳ ನಿಯತ ಪರೀಕ್ಷೆಯ ಅಗತ್ಯ ಬದಲಾಗಿಲ್ಲ.

ಖರೀದಿಗೆ ಮುನ್ನ

ಗ್ರ್ಯಾಬ್ ಕೊಳ್ಳುವವರು ತಯಾರಕರ ಮುಂದಿಡಬೇಕಾದ ವಿವರಗಳು ಹೀಗಿವೆ: ಸರಕು ಯಾವುದು, ಒಣಗಿದ್ದಾಗ ಮತ್ತು ಒದ್ದೆಯಾದಾಗ ಅದರ ಸಾಂದ್ರತೆ ಎಷ್ಟು, ಅತಿ ದೊಡ್ಡ ತುಂಡಿನ ಅಳತೆ ಏನು, ಗ್ರ್ಯಾಬ್ ಕೆಲಸಕ್ಕೆ ಕ್ರೇನಿನ ನಮೂದಿತ ಮಿತಿ ಎಷ್ಟು, ಅದಕ್ಕೆ ಎಷ್ಟು ಹಗ್ಗಗಳಿವೆ, ಗಂಟೆಗೆ ಎಷ್ಟು ಟನ್ ಇಳಿಸಬೇಕು, ಸರಕು ಬೀಳುವ ಜಾಗ ಲಾರಿಯೋ, ಹಾಪರೋ, ನೆಲವೋ, ಸುತ್ತಮುತ್ತ ಜನವಸತಿ ಇದೆಯೇ. ಎರಡು ಬಗೆಯ ಸರಕು ನಿಯಮಿತವಾಗಿ ಬರುವುದಾದರೆ ಎರಡು ಗ್ರ್ಯಾಬ್ ಕೊಳ್ಳುವುದೇ ದೀರ್ಘಾವಧಿಯಲ್ಲಿ ಅಗ್ಗ. ಅದು ಸಾಧ್ಯವಾಗದಿದ್ದಲ್ಲಿ ಹೆಚ್ಚು ಭಾರದ ಸರಕಿಗೆ ಹೊಂದುವ ಗ್ರ್ಯಾಬನ್ನೇ ಆರಿಸಬೇಕು. ಹಗುರ ಸರಕು ಬಂದಾಗ ಕೆಲಸ ತುಸು ನಿಧಾನವಾಗಬಹುದು, ಆದರೆ ಕ್ರೇನಿನ ಕೆಳಗೆ ದುಡಿಯುವವರು ಸುರಕ್ಷಿತವಾಗಿರುತ್ತಾರೆ.